ಪಟ್ಟಿಯಲ್ಲಿಲ್ಲದ ಮನೆ

ಹಲ್ ಊರಿನ ಫೋನ್ ಡಬ್ಬಿಗಳು ಕೆಂಪಲ್ಲ, ಹಾಲಿನ ಕೆನೆ.
ಮಿಕ್ಕ ದೇಶದ ತಂತಿಯೇ ಬೇರೆ, ನಮ್ಮೂರ ತಂತಿಯೇ ಬೇರೆ
ಎಂದು ಮೊದಲ ದಿನವೇ ಹೇಳಿದ್ದ ಗಾರ್ಬಟ್ ಅಜ್ಜ,
ತಾನೇ ಕಂಬ ನೆಟ್ಟವನ ಹಾಗೆ.
ಮೀನಿನ ಹಡಗಿನಲ್ಲಿ ಮೂವತ್ತು ವರ್ಷ ಕಳೆದವನು;
ಕಂಬ ನೆಟ್ಟವರು ಬೇರೆ ಯಾರೋ.

ಇವತ್ತು ಅದೇ ತಂತಿ ಕೈಕೊಟ್ಟಿತು.
ನದಿಯ ಆಚೆಯವರಿಗೂ ಈಚೆಯವರಿಗೂ ರಗ್ಬಿ.
ವರ್ಷದ ದುಡ್ಡು ಕಟ್ಟಿದ್ದಾನೆ, ಪಾಸ್‌ವರ್ಡ್ ಬರೆದಿಟ್ಟಿದ್ದಾನೆ
ಮಾತ್ರೆ ಡಬ್ಬದ ಮುಚ್ಚಳದ ಒಳಗೆ.
ಒಂದೊಂದೇ ಅಕ್ಷರ ಒತ್ತಿದೆ.
ಪರದೆ ಬಲು ವಿನಯದಿಂದ ಹೇಳಿತು:
ಕ್ಷಮಿಸಿ, ನಿಮ್ಮ ಇಂಟರ್ನೆಟ್ ಕಂಪನಿ ನಮ್ಮ ಪಟ್ಟಿಯಲ್ಲಿಲ್ಲ.

"ಏನಂತೆ?" ಅಂದ.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತೀವಲ್ಲ,
ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?
ಕಾಯಿ ಕರ್ಪೂರದ ಲೆಕ್ಕವೆಲ್ಲ ಚುಕ್ತಾ,
ಗರ್ಭಗುಡಿ ಇಲ್ಲೇ ಅರ್ಧ ಮೈಲಿ,
ನಡುವೆ ನಿಂತವನು ಗೋತ್ರ ಕೇಳುತ್ತಿದ್ದಾನೆ.
"ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ," ಅಂದೆ.
"ಒದಿ ಅವನನ್ನ," ಅಂದ ಗಾರ್ಬಟ್.

ಅರ್ಧ ಮೈಲಿ ನಡೆಯಲು ಇವನಿಗೆ ಮೊಣಕಾಲಿಲ್ಲ,
ಎರಡನೇ ಮಹಡಿ, ಮೂವತ್ತೊಂದು ಮೆಟ್ಟಿಲು.
ನನಗೆ ಕೊಟ್ಟಿರುವುದು ನಲವತ್ತೈದು ನಿಮಿಷ.
ಆಟ ಎಂಬತ್ತು.
ಮೊಬೈಲಿನಲ್ಲಿ ಉಳಿದದ್ದು ಎರಡು ಜಿಬಿ,
ಭಾನುವಾರ ಗಂಗಾವತಿಯಲ್ಲಿ ತಂಗಿ ನೀಲವ್ವನ ಕುಬಸ,
ಕಣ್ತುಂಬ ನೋಡಲೆಂದು ಕೂಡಿಟ್ಟದ್ದು.
ಹಾಟ್‌ಸ್ಪಾಟಿಗೆ ಸುರಿದೆ.
ನನ್ನ ಅಗ್ಗದ ಸಿಮ್ಮಿನ ಗೋತ್ರ ಅದು ಹೇಗೋ ಕೂಡಿ ಬಂತು.
ಯಾಕೆ ಸುರಿದೆ ಅಂತ ಕೇಳಬೇಡಿ. ಅಜ್ಜನೂ ಕೇಳಲಿಲ್ಲ.

ಚಿತ್ರ ಬಂತು, ತೇಪೆ ತೇಪೆಯಾಗಿ.
ಒಬ್ಬನ ಮೇಲೆ ಮೂವರು ಬಿದ್ದರು.
ನಾನು ಕಾರಟಗಿ ಹೈಸ್ಕೂಲಿನ ರೈಟ್ ಕಾರ್ನರ್;
ಇದು ಉಸಿರು ಕಟ್ಟದ ಕಬಡ್ಡಿ,
ಚೆಂಡೊಂದು ಸುಮ್ಮನೆ ಅಡ್ಡ ಬರುತ್ತೆ, ಅಂದುಕೊಂಡೆ.
ಸೂಪು ಕೊಟ್ಟೆ. ಕಾಲಿನ ಪಟ್ಟಿ ಬದಲಿಸಿದೆ.
ಕಿಟಕಿ ತೆಗಿ ಅಂದ. ಚಳಿ ಅಂದೆ. ತೆಗಿ ಅಂದ.

ಆಗ ಬಂತು, ಹೆಂಚುಗಳ ಬೆನ್ನು ಹತ್ತಿ,
ಮೈದಾನದ ಕೂಗು,
ಯಾರ ಪಟ್ಟಿಯಲ್ಲೂ ಹೆಸರು ಬರೆಸದೆ.
ಪರದೆಯಲ್ಲಿ ಇನ್ನೂ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಿದ್ದರು.
"ಎಡಮೂಲೆ," ಅಂದ ಕಣ್ಣು ಮುಚ್ಚಿ, "ನಮ್ಮವರೇ.
ಅವರ ಕೂಗು ಗಂಟಲಿನದು, ನಮ್ಮದು ಹೊಟ್ಟೆಯದು."
ಎಣಿಸಿದೆ. ಮೂವತ್ತೆಂಟು ಸೆಕೆಂಡು.
ಅಷ್ಟು ಹೊತ್ತು ಪರದೆಯ ಆ ಹುಡುಗನಿಗೆ ಗೊತ್ತಿರಲಿಲ್ಲ,
ತಾನು ಗೆರೆ ದಾಟಿ ಆಗಿದೆ ಎಂದು.
ಓಡಿದ, ಜಾರಿದ, ಎಡಮೂಲೆಯಲ್ಲೇ ಬಿದ್ದ.
ನಾನು ಚಪ್ಪಾಳೆ ತಟ್ಟಿದಾಗ ಅಜ್ಜ ಸೂಪು ಮುಗಿಸಿದ್ದ.

ನಲವತ್ತೈದಾಯಿತು ಎಂದು ಆ್ಯಪ್ ನಡುಗಿತು. ಮತ್ತೆ ನಡುಗಿತು.
ಮುಂದಿನ ಮನೆ ಮಿಸೆಸ್ ಬ್ಲೆಂಕಿನ್, ಕಣ್ಣಿಗೆ ಹನಿ.
ಏನೇನು ಮಾಡಿದಿರಿ ಎಂಬಲ್ಲಿ
ಊಟ, ಗುರುತು. ಮಾತ್ರೆ, ಗುರುತು. ಗಾಯ, ಗುರುತು.
ಇದಕ್ಕೆ ಚೌಕವಿಲ್ಲ.
ಹಾಟ್‌ಸ್ಪಾಟ್ ಆರಿಸಲು ಕೈ ಬರದೆ ನಿಂತಿದ್ದೆ;
ಡೇಟಾ ತಾನೇ ತೀರಿ ನನ್ನ ಮಾನ ಉಳಿಸಿತು.
ಬಾಯಿ ತೆರೆದ ಆಟಗಾರನೊಬ್ಬ ಹಾಗೇ ಹೆಪ್ಪುಗಟ್ಟಿದ.
"ಹೋಗು," ಅಂದ. "ಕಿಟಕಿ ಮಾತ್ರ ಹಾಕಬೇಡ."
ಇನ್ನೊಂದು ಕಂಬಳಿ ಹೊದಿಸಿದೆ.

ಕೆನೆ ಬಣ್ಣದ ಡಬ್ಬಿಯ ಹತ್ತಿರ ಸೈಕಲ್ಲು ತಿರುಗಿಸುವಾಗ
ಎದ್ದಿತು ಮತ್ತೊಂದು ಕೂಗು, ದೊಡ್ಡದು.
ಕಾಲೂರಿ ನಿಂತೆ. ಗಂಟಲಿನದೋ, ಹೊಟ್ಟೆಯದೋ?
ನನ್ನ ಕಿವಿಗೆ ಅಷ್ಟು ಪಾಠ ಆಗಿಲ್ಲ.
ಅಲ್ಲಿ ತೆರೆದ ಕಿಟಕಿಯಲ್ಲಿ ಒಬ್ಬನಿಗೆ ಗೊತ್ತಾಗಿರುತ್ತೆ,
ನಾಳೆ ಕೇಳಬೇಕು.
ನೀಲವ್ವನಿಗೂ ಹೇಳಬೇಕು: ಚಿತ್ರ ಬೇಡ,
ಬರೀ ಫೋನು ಮಾಡು, ಹಾಡುವವರ ಮಗ್ಗುಲಿಗೇ ಇಡು,
ಯಾವ ದನಿ ಯಾರದು ನಾನೇ ಹೇಳ್ತೀನಿ.

ಮಿಸೆಸ್ ಬ್ಲೆಂಕಿನ್‌ಗೆ ಎರಡು ಹನಿ.
ಎಡಗಣ್ಣು ಮೊದಲು.