ಹದಿನಾರನೇ ಕಂತು

ಶ್ರೀರಾಂಪುರದಲ್ಲಿ ಮುನಿರತ್ನಮ್ಮನ ನಡುಮನೆ.
ಭಾನುವಾರ ನಾಲ್ಕಕ್ಕೆ ಚೀಟಿ ಕೂಗುತ್ತಾರೆ.
ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲೆಗೆ ಐದು ಸಾವಿರ.
ಖಾಲಿ ಸಿಲಿಂಡರಿಗೆ ಒರಗಿ ಕೂತು
ಬ್ರಸೆಲ್ಸಿನಿಂದ ತಂದ ಪ್ರಶ್ನಾವಳಿ ಬಿಚ್ಚುತ್ತೇನೆ.
ಬಿ.ಎ. ಮೊದಲ ವರ್ಷ ಮುಗಿದಿದೆ, ಸಮಾಜಶಾಸ್ತ್ರ,
ಇದು ರಜೆಯ ಕೆಲಸ. ವಿಷಯ: ನಂಬಿಕೆ.
ಮೂರು ಸಾವಿರ ಪದ, ಅಡಿಟಿಪ್ಪಣಿ ಬೇರೆ.

‘ಎಲ್ಲಿ ನಿಂತು ನೋಡುತ್ತಿದ್ದೀರಿ,
ಅದನ್ನು ಮೊದಲು ಬರೆಯಿರಿ’ ಅಂದಿದ್ದರು ಪ್ರೊಫೆಸರ್ ಲೀವ.
ಕಿಟಕಿಯಾಚೆ ಟ್ರ್ಯಾಮು ಗಂಟೆ ಬಾರಿಸಿಕೊಂಡು ಹೋಗುತ್ತಿತ್ತು.
ನಿಂತಿಲ್ಲ ಮೇಡಂ, ಚಾಪೆಯ ಮೇಲೆ ಕೂತಿದ್ದೇನೆ.
ನನ್ನ ವಿಮಾನದ ಟಿಕೇಟು, ವೀಸಾದ ಫೀಸು,
ನಿಮ್ಮ ಚಳಿಗೆಂದು ಕೊಂಡ ಆ ದಪ್ಪ ಕೋಟು
ಇದೇ ಚಾಪೆಯಿಂದ ಎದ್ದು ಬಂದದ್ದು.
ಇನ್ನೂ ಐದು ಕಂತು ಬಾಕಿ.

ಒಪ್ಪಿಗೆ ಪತ್ರ ಓದಿ ಹೇಳಿದೆ:
ನಿಮ್ಮ ಗುರುತು ಗುಟ್ಟಾಗಿಡುತ್ತೇವೆ, ಹೆಸರು ಬದಲಿಸುತ್ತೇವೆ.
ಮುನಿರತ್ನಮ್ಮ ಕನ್ನಡಕ ಹಣೆಗೇರಿಸಿದಳು.
‘ಹಂಗಾದ್ರೆ ನಮ್ಮತ್ತೆ ಹೆಸರಿಡು ಮಗಾ, ಕೆಂಪಚೆನ್ನಮ್ಮ ಅಂತ.
ಇರೋವರ್ಗೂ ಯಾರೂ ಅವಳ ಕೈಗೆ ಒಂದ್ರೂಪಾಯಿ ನಂಬಿ ಕೊಡ್ಲಿಲ್ಲ,
ನಿಮ್ ದೇಶದಲ್ಲಾದ್ರೂ ಚೀಟಿ ನಡೆಸ್ಲಿ.’
ನಿಮ್ ದೇಶ ಅಂದಳು. ಅದನ್ನೂ ಬರೆದುಕೊಂಡೆ.

ಆಮೇಲೆ ಲೆಕ್ಕದ ಪುಸ್ತಕ ಕೊಟ್ಟಳು,
ಅರಿಶಿನದ ಬೆರಳಚ್ಚು ಬಿದ್ದ ಉದ್ದನೆಯ ಪುಸ್ತಕ.
ಯಾರು ಯಾವ ತಿಂಗಳು ಎಷ್ಟು ತಳ್ಳಿ ಎತ್ತಿದರು, ಎಲ್ಲಾ ಇದೆ.
ಎರಡನೇ ತಿಂಗಳು ಇಪ್ಪತ್ತೈದು ಸಾವಿರ.
ಮೂರನೆಯದು ಇಪ್ಪತ್ತನಾಲ್ಕು.
ನಾಲ್ಕನೆಯದು ಐನೂರು.
ಐದನೆಯದು ಇಪ್ಪತ್ಮೂರು.

ಐನೂರು. ಪಕ್ಕದಲ್ಲಿ ಅಮ್ಮನ ರುಜು,
ಶಾಲೆಯ ಹಾಜರಿ ಪುಸ್ತಕದಲ್ಲಿ ಆಯಾ ಅಂತ ಹಾಕುವ ಅದೇ ರುಜು.
ಗ್ರಾಫು ಬರೆದರೆ ಅಲ್ಲೊಂದು ಗುಂಡಿ.
ಇಂಥದ್ದು ಕಂಡರೆ ಮೊದಲು ಬರಹದ ತಪ್ಪೇ ನೋಡಿ,
ಎಂದು ಪಾಠದಲ್ಲಿತ್ತು.

ನೋಡಿದೆ. ಒಬ್ಬೊಬ್ಬರನ್ನೇ ಕೇಳಿದೆ:
ಆ ಭಾನುವಾರ ನೀವ್ಯಾಕೆ ಕೂಗಲಿಲ್ಲ?

‘ಗಂಟಲು ಕಟ್ಟಿತ್ತು’ ಅಂದಳು ಶಕೀರಾ.
ಫಿಲೋಮಿನಾಗೂ ಗಂಟಲು.
ಗಂಗಹನುಮಕ್ಕ ಎಲೆಅಡಿಕೆ ಬಾಯಿಂದ
‘ಕರೆಂಟ್ ಹೋಗಿತ್ತಲ್ಲ’ ಅಂದಳು,
ಕೂಗೋದಕ್ಕೆ ಕರೆಂಟ್ ಯಾಕೆ ಅಂದರೆ ಉಗಿಯಲು ಎದ್ದು ಹೋದಳು.
ಮಿಕ್ಕವರಿಗೂ ಗಂಟಲೇ.
ಒಂದೇ ಬೀದಿಯಲ್ಲಿ, ಒಂದೇ ಸಂಜೆ,
ಯಾವ ಆಸ್ಪತ್ರೆಯೂ ದಾಖಲಿಸದ ಒಂದು ಬೇನೆ.

ಪ್ರಶ್ನಾವಳಿಯಲ್ಲಿ ‘ಕಾರಣ’ದ ಕೆಳಗೆ
ಒಂದರಿಂದ ಆರರವರೆಗೆ ಅಂಕಿ ಇವೆ:
ರಕ್ತಸಂಬಂಧ, ಭಯ, ಲಾಭ, ಹಂಗು, ರೂಢಿ, ಇತರೆ.
ಅನಾರೋಗ್ಯ ಇಲ್ಲ.

ಐದನೇ ತಿಂಗಳ ಇಪ್ಪತ್ಮೂರು ಸಾವಿರದ ಎದುರು
ಶಕೀರಾಳ ಹೆಸರಿದೆ.
ಮಗಳ ಮದುವೆ ಹತ್ತಿರ ಬಂದಿತ್ತು, ಗಂಟಲು ವಾಸಿಯಾಗಿತ್ತು,
ತಳ್ಳಿ ಎತ್ತಿಕೊಂಡಳು.
ಒಂದು ತಿಂಗಳ ಮುಂಚೆ ಬಾಯಿ ತೆರೆದಿದ್ದರೆ—
ಈ ಲೆಕ್ಕ ನಾನು ಪುಸ್ತಕದ ಅಂಚಿನಲ್ಲಿ
ಪೆನ್ಸಿಲಿನಲ್ಲಿ ಮಾಡಿ, ಉಜ್ಜಿ ಅಳಿಸಿದೆ.
ಕಾಗದ ಅಲ್ಲಿ ತೆಳುವಾಯಿತು.

‘ಇದೆಲ್ಲಾ ಅಲ್ಲಿ ಓದ್ಸಕ್ಕೆ ದುಡ್ಡ್ ತಗೋತಾರಾ?’
ಅಂದಳು ಶಕೀರಾ, ಚಹದ ಲೋಟ ದಾಟಿಸುತ್ತ.
ಅವಳ ಕಣ್ಣಲ್ಲಿ ನಗೆ ಇತ್ತೋ ಏನೋ,
ವೀಕ್ಷಣೆ ಎಂಬ ಕಾಲಂ ಖಾಲಿ ಬಿಟ್ಟೆ.

ನಾಲ್ಕಾಯಿತು. ಹೊರಗೆ ತುಂತುರು,
ಮೆಟ್ಟಿಲ ಮೇಲೆ ಚಪ್ಪಲಿಗಳು ಒಂದರ ಮೇಲೊಂದು.
ಅಮ್ಮ ಒದ್ದೆ ಸೆರಗಿನ ಗಂಟು ಬಿಚ್ಚಿ
ಹದಿನಾರನೇ ಕಂತು ಎಣಿಸಿಟ್ಟು ಗೋಡೆಗೆ ಒರಗಿದಳು.
‘ಯಾರ್ ಕೂಗ್ತೀರಾ?’ ಅಂದಳು ಮುನಿರತ್ನಮ್ಮ.

ಸಾವಿರ! ಸಾವಿರದೈನೂರು!
ಏಯ್, ನಂದು ಎರಡು! ಮೂರು ನಂದು!
ಗಂಗಹನುಮಕ್ಕನಂತೂ ಮೊಣಕಾಲೂರಿ ಎದ್ದು ಕೂಗಿದಳು.

ಎಲ್ಲರ ಗಂಟಲೂ ಇವತ್ತು ಗಟ್ಟಿಯಾಗಿದೆ.