ಲಾಭ, ಎರಡು

ಮಂಡ್ಯದ ಬೆಲ್ಲದ ಮಂಡಿಯಲ್ಲಿ
ಒಂದು ಅಂತ ಯಾರೂ ಎಣಿಸುವುದಿಲ್ಲ.
ಲಾರಿಯಿಂದ ಮೊದಲ ಮೂಟೆ ಇಳಿದರೆ ‘ಲಾಭ’,
ಆಮೇಲೆ ಎರಡು, ಮೂರು.
ಸಣ್ಣಬೋರಯ್ಯನ ಬಾಯಲ್ಲಿ ಈ ಲೆಕ್ಕ
ನಲವತ್ತು ವರ್ಷದಿಂದ ಎಡವಿಲ್ಲ,
ಎಲೆಯಡಿಕೆ ಜಗಿಯುವಾಗಲೂ.

ಒಳಗೆ, ಕರಿಗೌಡರ ಗಲ್ಲಾಪೆಟ್ಟಿಗೆಯ ಪಕ್ಕ,
ನನ್ನ ಮುಂದಿರುವ ಕಂಪ್ಯೂಟರ್ ಮಾತ್ರ
ಲಾಭ ಅಂದು ನಿಂತುಬಿಡುತ್ತದೆ.
ರ‍್ಯಾಮ್ ಪಟ್ಟಿ ಎರಡಿವೆ, ಪರದೆ ಒಂದನ್ನೇ ಒಪ್ಪುತ್ತದೆ.
ಅರ್ಧ ನೆನಪಿನ ಮನೆಗೆ ಕಾಲಿಡುವುದಿಲ್ಲವೆಂದು
ಹೊಸ ವಿಂಡೋಸ್
ಮುನಿಸಿಕೊಂಡ ಬೀಗರ ಹಾಗೆ
ಬಾಗಿಲಲ್ಲೇ ನಿಂತಿದೆ.

“ಯಾಕವ್ವಾ ಜಬೀನಾ, ಗ್ಯಾಪ್ಕ ಇಲ್ವಾ ಅದ್ಕೆ?”
ಬಾಗಿಲಿಗೆ ಒರಗಿ ಸಣ್ಣಬೋರಯ್ಯ ಕೇಳಿದ.
ಇದೆ ತಾತ. ಇರುವುದು ಅದಕ್ಕೇ ಗೊತ್ತಾಗುತ್ತಿಲ್ಲ.
“ಅದ್ಯಾವ್ ಸೀಮೆ ರೋಗ್ವೋ” ಅಂದು ಮೂಟೆಗೆ ಹೋದ.

ಒಂದು ಪಟ್ಟಿ ಕಿತ್ತೆ, ಇನ್ನೊಂದನ್ನು ಬಿಟ್ಟೆ. ಎದ್ದಿತು.
ಅದಲುಬದಲು ಮಾಡಿದೆ. ಆಗಲೂ ಎದ್ದಿತು.
ಪಟ್ಟಿ ಎರಡೂ ಸಾಚಾ.
ಎರಡನೆಯ ಕಿಂಡಿಗೆ ಒಂದನ್ನೇ ಕೂರಿಸಿದೆ:
ಪೀಂ, ಪೀಂ, ಪೀಂ,
ತಾಯಿ ಕಾಣದ ನಾಯಿಮರಿ.

ಪದ್ಮರಾಜುವಿನ ಮೇಜಿನಿಂದ ರಬ್ಬರ್ ತಂದು
ಪಟ್ಟಿಯ ಚಿನ್ನದ ಹಲ್ಲುಗಳನ್ನು ಉಜ್ಜಿದೆ.
ಅಳಿಸುವ ರಬ್ಬರಿನಿಂದಲೇ ನೆನಪು ಬರಿಸುವುದು
ಈ ಕಸುಬಿನಲ್ಲಿ ನನಗೆ ಹಿಡಿಸಿದ ತಮಾಷೆ.
ಇವತ್ತು ಅದೂ ನಡೆಯಲಿಲ್ಲ.

ಮೊಬೈಲ್ ಟಾರ್ಚ್ ಬಿಟ್ಟು ಕಿಂಡಿಯೊಳಗೆ ಇಣುಕಿದರೆ
ಇರುವೆ.
ರಾಗಿಕಾಳಿಗಿಂತ ಸಣ್ಣವು, ಒಣಗಿದವು,
ಬೆಲ್ಲದ ಪುಡಿ ಕಚ್ಚಿಕೊಂಡೇ ಸತ್ತಂಥವು.
ಈ ಮಂಡಿಯಲ್ಲಿ ಬೆಲ್ಲ ಹೊಕ್ಕದ ಜಾಗವಿಲ್ಲ:
ಬೀಗದ ತೂತು, ಕ್ಯಾಲೆಂಡರಿನ ದೇವರ ಮೂಗು,
ನನ್ನ ದುಪಟ್ಟಾದ ಅಂಚು.
ಬ್ರಷ್ಷಿನಲ್ಲಿ ಗುಡಿಸಿದೆ, ಸ್ಪಿರಿಟ್ ಒರೆಸಿದೆ, ಊದಿದೆ.
ಕಳ್ಳ ಸಿಕ್ಕಿದ ಅಂತ ಗೌಡರಿಗೆ ಹೇಳಿಯೂ ಬಿಟ್ಟೆ.
ಗುಂಡಿ ಒತ್ತಿದೆ.
ಲಾಭ.
ಅಷ್ಟೇ, ಮತ್ತೆ ಅಷ್ಟೇ.

ಹೊರಗೆ ಇನ್ನೊಂದು ಲಾರಿ ಬಂತು.
ತೂಕದ ಚೀಟಿಗಳನ್ನು ಕೈಯಲ್ಲೇ ಬರೆಯುತ್ತಿದ್ದ ಪದ್ಮರಾಜು
ನನ್ನನ್ನು ನೋಡಲಿಲ್ಲ, ಗಡಿಯಾರ ನೋಡಿದ.

ನೋಡದೆ ಉಳಿದದ್ದು ಒಂದೇ ಜಾಗ.
ಫ್ಯಾನು ಬಿಚ್ಚಿದೆ, ಒಣಗಿದ ಪೇಸ್ಟು ಕೆರೆದೆ,
ಪ್ರೊಸೆಸರನ್ನು ಉಗುರಿನಲ್ಲಿ ಎತ್ತಿದೆ.
ಕೆಳಗೆ ಸಾವಿರ ಮುಳ್ಳು, ನಾಟಿ ಮುಗಿದ ಗದ್ದೆ.
ಅದರಲ್ಲಿ ಒಂದು ಬಾಗಿತ್ತು.
ಎರಡನೆಯ ಕಿಂಡಿಯ ಸುದ್ದಿ
ಆ ಒಂದರ ಮೇಲೆಯೇ ಹಾದು ಬರಬೇಕಿತ್ತು.

ಯುಗಾದಿಗೆ ಇನ್ನೆರಡು ದಿನ ಇದ್ದಾಗ
ಈ ಫ್ಯಾನು ಗೊರಗೊರ ಅನ್ನುತ್ತಿದೆಯೆಂದು ಕರೆಸಿದ್ದರು.
ಬಿಚ್ಚಿದ್ದು ನಾನು, ಜೋಡಿಸಿದ್ದು ನಾನು.
ಪಾಂಡವಪುರದ ಕೊನೆಯ ಬಸ್ಸಿನ ಅವಸರ.
ಕೊಂಚ ಓರೆಯಾಗಿ ಕೂತಿತ್ತು,
ಎತ್ತಿ ನೋಡಲಿಲ್ಲ,
ಒತ್ತಿದ್ದೆ.
ಅವತ್ತಿನಿಂದ ಇದು ಅರ್ಧ ನೆನಪಿನಲ್ಲೇ ದುಡಿದಿದೆ,
ನಿಧಾನ, ಶನಿ, ಅಂತ ಬೈಸಿಕೊಂಡು.

ದುಪಟ್ಟಾದ ಪಿನ್ನು ತೆಗೆದೆ. ಉಸಿರು ಬಿಗಿಹಿಡಿದೆ.
ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು.
ಮುರಿದರೆ ಬೋರ್ಡೇ ಹೋಯಿತು,
ನನ್ನ ಮೂರು ತಿಂಗಳ ದುಡಿಮೆ.

ಗುಂಡಿ. ಕಪ್ಪು ಪರದೆ. ಪೀಂ ಅನ್ನಲಿಲ್ಲ.
ಲಾಭ.
ಎರಡು.
ಬೀಗರು ಒಳಬಂದು ಎಲೆಯ ಮುಂದೆ ಕೂತರು,
ಶೇಕಡಾ ಮೂರು, ಶೇಕಡಾ ಎಂಟು.

“ಏನಾಗಿತ್ತು ತಾಯಿ?” ಗೌಡರು ಕೇಳಿದರು.
“ಇರುವೆ” ಅಂದೆ.
ಇರುವೆ ಇದ್ದದ್ದು ಸುಳ್ಳೇನಲ್ಲ.

ನೂರರ ನೋಟುಗಳನ್ನು ಎಂಜಲು ಬೆರಳಲ್ಲಿ ಎಣಿಸಿದರು:
ಲಾಭ, ಎರಡು, ಮೂರು, ನಾಲ್ಕು, ಐದು.
ಮೊದಲನೆಯದನ್ನು ತೆಗೆದು ತಕ್ಕಡಿಯ ತಟ್ಟೆಗೆ ಇಟ್ಟೆ.
“ಲಾಭ ನಿಮ್ಮಲ್ಲೇ ಇರಲಿ ಗೌಡ್ರೆ.”
ಮಂಡಿಯ ರೀತಿ ಕಲಿತುಬಿಟ್ಟೆಯಲ್ಲ ಅಂತ ಅವರು ನಕ್ಕರು,
ಪದ್ಮರಾಜುವೂ ನಕ್ಕ.

ಸಣ್ಣಬೋರಯ್ಯ ನಗಲಿಲ್ಲ.
ಯುಗಾದಿಗೆ ಎರಡು ದಿನ ಇದ್ದ ಆ ಸಂಜೆಯೂ ಅವನು
ಇದೇ ಬಾಗಿಲಿಗೆ ಒರಗಿಕೊಂಡಿದ್ದ.