ಗಿಡ್ಡ ಮೊಳ

ಬೆಂಡೆಕಾಯಿಯ ತುದಿ ಮುರಿಯದೆ ಕೊಂಡವಳಲ್ಲ ನಾನು.
ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ನೀರಿನ ಮಾತು ಕೇಳಿಯೇ ಚೀಲಕ್ಕೆ.
ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅಂತ ಯಾರೋ ಅಂದರು,
ಯಾರು ಅಂತ ಈಗಲೂ ಗೊತ್ತಿಲ್ಲ,
ಮೂರು ವರ್ಷ ಮುಟ್ಟಲಿಲ್ಲ.
ಸರ್ಕಾರ ಟಂಕಿಸಿದ್ದನ್ನು ಗಿರಾಕಿಯ ಕೈಗೇ ವಾಪಸ್ಸಿಟ್ಟು
‘ನೋಟು ಕೊಡಪ್ಪ’ ಅಂದವಳು.

ಇಂಥವಳು
ಸೈಟು ನಂಬರ್ ನಲವತ್ತೇಳಕ್ಕೆ
ಆರು ಲಕ್ಷ ಎಣಿಸಿ ಕೊಟ್ಟೆ,
ಬಿಳಿ ಬಣ್ಣ ಬಳಿದ ನಾಲ್ಕು ಕಲ್ಲು ನೋಡಿ.

ಪುಟ್ಟಹೊನ್ನಯ್ಯ ಕೊಳ್ಳಿ ಅನ್ನಲಿಲ್ಲ, ಅದೇ ಅವನ ವಿದ್ಯೆ.
‘ಅವಸರ ಬೇಡಮ್ಮ, ನಾಲ್ಕು ಜನರನ್ನ ಕೇಳಿ’ ಅಂದ.
ಕೇಳಿದೆ. ನಾಲ್ಕೂ ಜನ ಆಗಲೇ ಅಡ್ವಾನ್ಸ್ ಕೊಟ್ಟಿದ್ದರು.
ದುಡ್ಡು ಕೊಟ್ಟವರ ಬಾಯಲ್ಲಿ ಅನುಮಾನ ಎಲ್ಲಿಂದ ಬರುತ್ತೆ?
ಕೊಟ್ಟ ಮೇಲೆ ನಾನೂ ಐದನೆಯವಳಿಗೆ ಹೇಳಿದೆ:
‘ಜಾಗ ಚಿನ್ನ.’
ಛಾಪಾ ಕಾಗದದ ಮೇಲೆ ಮೂರು ಮುದ್ರೆ,
ಒಂದು ತಲೆಕೆಳಗಾಗಿ ಬಿದ್ದಿತ್ತು.
ಅದನ್ನು ಕಂಡು ನಂಬಿಕೆ ಇನ್ನೂ ಗಟ್ಟಿಯಾಯಿತು:
ಮೋಸ ಮಾಡೋನು ಇಷ್ಟು ಸಡಿಲವಾಗಿ ಮಾಡ್ತಾನಾ?

ಭಾನುವಾರ ಭಾನುವಾರ ಮಾರ್ಕೆಟ್ಟಿಂದ ಬಸ್ಸು,
ಮಾಗಡಿ ರಸ್ತೆಯಲ್ಲಿ ಇಳಿದು ಎರಡು ಮೈಲಿ ನಡಿಗೆ.
ಸುಣ್ಣದ ಗೆರೆ ದಾಟಿ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದೆ.
ನಮ್ಮನೆಯವರು ನಡುಮನೆಯಲ್ಲಿ ಟವೆಲ್ ಹಾಸಿ ಮಲಗಿದರೆ
‘ಕಾಲು ಈಚೆ ಎಳ್ಕೊಳ್ರಿ, ಅದು ದೇವರ ಕೋಣೆ’ ಅಂತ ಗದರಿದ್ದೂ ಉಂಟು.
ನಲವತ್ತೆಂಟರ ಶಮೀಮುನ್ನೀಸಾ ಜತೆ ಜಗಳ:
ಅವಳಿನ್ನೂ ನೆಡದ ನುಗ್ಗೆಮರದ ಎಲೆ
ನಾನಿನ್ನೂ ತೋಡಿಸದ ಸಂಪಿನೊಳಗೆ ಉದುರುತ್ತೆ ಅಂತ.
ಎರಡು ವಾರ ಮಾತು ಬಿಟ್ಟಿದ್ದೆವು.

ನೆಲ ಹೇಳಿತ್ತು, ಸುಳ್ಳೇಕೆ.
ಬೇಸಗೆಯಲ್ಲೂ ಕಾಲಡಿ ಮೆತ್ತಗೆ,
ಕಲ್ಲೆತ್ತಿದರೆ ಬಸವನಹುಳದ ಚಿಪ್ಪು,
ಸಂಜೆಯಾದರೆ ಕಪ್ಪೆ.
‘ತಂಪು ಜಾಗ, ಬೋರು ಹಾಕಿದರೆ ನೂರಡಿಗೇ ನೀರು’ ಅಂದ ಪುಟ್ಟಹೊನ್ನಯ್ಯ.
ಕಪ್ಪೆಯೂ ಅವನ ಕಡೆಯ ಸಾಕ್ಷಿಯಾಯಿತು.

ಆ ಆಗಸ್ಟಿನಲ್ಲಿ ಮೂರು ರಾತ್ರಿ ಸುರಿಯಿತು.
ನಾಲ್ಕನೆಯ ದಿನ ಹೋದರೆ
ಕೆರೆ ಬಂದು ತನ್ನ ಖಾತೆ ತಾನೇ ಮಾಡಿಸಿಕೊಂಡಿತ್ತು.
ದೇವರ ಕೋಣೆಯ ಮೇಲೆ ಒಂದು ನೀರುಕೋಳಿ.

ಅವನ ಫೋನಿನಲ್ಲಿ ಯಾವಳೋ ಒಬ್ಬಳು
‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂದಳು.
ಪಾಪ, ಊರಿಗೆ ಹೋಗಿರಬೇಕು ಅಂದುಕೊಂಡೆ,
ಒಂದು ವಾರ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಿತ್ತು’
ಅಂದರು ತಾಲ್ಲೂಕು ಕಚೇರಿಯ ಗುಮಾಸ್ತರು, ಕನ್ನಡಕ ಒರೆಸುತ್ತ.
ಹೂ ಮಾರುವವಳ ಕಿವಿಗೇ ಹೂವಿಟ್ಟರಲ್ಲ ಅಂತ
ಮಾರ್ಕೆಟ್ಟಿನ ಇಡೀ ಸಾಲು ನಕ್ಕಿತು.
ನಾನೂ ನಕ್ಕೆ. ಮಾತು ಚೆನ್ನಾಗಿತ್ತು.

ಒಂದು ವಿಷಯ ಮಾತ್ರ ಯಾರಿಗೂ ಹೇಳಿಲ್ಲ.
ನನ್ನ ಮೊಳ ಗಿಡ್ಡ.
ಮೊಣಕೈಯಿಂದ ಹಿಡಿಯಬೇಕಾದ್ದು
ನಾಲ್ಕು ಬೆರಳು ಮುಂದೆ ಹಿಡಿಯುತ್ತೇನೆ,
ಇಪ್ಪತ್ತೆರಡು ವರ್ಷದಿಂದ.
ಕಂಡುಹಿಡಿಯಲು ದೊಡ್ಡ ಬುದ್ಧಿ ಬೇಡ,
ಅವರಿಗೂ ಒಂದೊಂದು ಕೈಯಿದೆ.
ಯಾರೂ ಅಳೆಯಲ್ಲ.
ಮಲ್ಲಿಗೆ ಮೂಗಿನ ಹತ್ತಿರ ಬಂದ ಕ್ಷಣ
ಅದು ಆಗಲೇ ಅವರ ಜಡೆಯಲ್ಲಿರುತ್ತೆ,
ತನ್ನದಾದದ್ದನ್ನು ಯಾರು ಅಳೀತಾರೆ?
ಬೆಂಡೆಕಾಯಿ ಮುರಿದೆ, ಅದು ಬರೀ ಬೆಂಡೆಕಾಯಿ.
ಮನೆ ಮುರಿದು ನೋಡೋಕೆ ಕೈ ಬರಲಿಲ್ಲ.

ಮೊನ್ನೆ ಶಮೀಮುನ್ನೀಸಾ ಫೋನು ಮಾಡಿದ್ದಳು.
ಬದಲಿ ಸೈಟು ಕೊಡ್ತಾರಂತೆ,
ಅರ್ಜಿಗೆ ಎರಡೇ ಸಾವಿರವಂತೆ,
ಅವಳ ನಾದಿನಿಯ ಕಡೆಯವರೇ ಹೇಳಿದ್ದಂತೆ.
ಎಣಿಸಿದೆ. ಮೂರು ಅಂತೆ.
‘ನಿಜಾನಾ?’ ಅಂತ ಜೋರಾಗಿಯೇ ಕೇಳಿದೆ.
ಬೆರಳು ಆಗಲೇ ಸೆರಗಿನ ಗಂಟಿನಲ್ಲಿತ್ತು.